ಐಸಿಯು ರೋಗಿಗೆ ಮದ್ದಿಗೆ ಬಗ್ಗದ ಸೋಂಕು ತಗುಲದಂತೆ ಮನೆಯವರು ಏನು ಮಾಡಬೇಕು

ಬಳ್ಳಾರಿಯ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ನಾನು ಸ್ಟಾಫ್ ನರ್ಸ್. ಸಿರುಗುಪ್ಪ, ಕಂಪ್ಲಿ, ಸಂಡೂರಿನವರಲ್ಲದೆ ಗಂಗಾವತಿ, ಸಿಂಧನೂರು ಕಡೆಯವರೂ ನಮ್ಮಲ್ಲಿಗೆ ಬರುತ್ತಾರೆ. ಬೆಳೆಗೆ ಹೊಡೆಯುವ ಕೀಟನಾಶಕ ಒಡಲು ಸೇರಿದವರು, ಹಾವು ಕಚ್ಚಿದವರು, ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರು. ವಿಷ ಇಳಿಯುತ್ತದೆ, ರಕ್ತಸ್ರಾವ ನಿಲ್ಲುತ್ತದೆ, ಮನೆಯವರ ಮುಖದಲ್ಲಿ ಗೆಲುವು ಕಾಣುತ್ತದೆ. ಅಷ್ಟರಲ್ಲಿ ವೆಂಟಿಲೇಟರ್ ಮೇಲಿರುವ ರೋಗಿಗೆ ಜ್ವರ ಏರುತ್ತದೆ, ಸಕ್ಷನ್ ಮಾಡಿದಾಗ, ಅಂದರೆ ನಳಿಕೆಯಿಂದ ಹೀರಿ ತೆಗೆದಾಗ, ಬರುವ ಕಫ ದಪ್ಪಗಾಗಿ ಬಣ್ಣ ತಿರುಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಹೀಗೆ ಆಸ್ಪತ್ರೆಯಲ್ಲೇ ಅಂಟಿದ ಸೋಂಕು ಬದುಕಬೇಕಾಗಿದ್ದವರನ್ನು ಕರೆದೊಯ್ಯುವುದನ್ನು ನೋಡಿ ಸಂಕಟಪಟ್ಟು ಇದನ್ನು ಬರೆಯುತ್ತಿದ್ದೇನೆ.

ಇದನ್ನು ತಡೆಯುವ ಹೊಣೆ ಮೊದಲು ಆಸ್ಪತ್ರೆಯವರಾದ ನಮ್ಮದು. ಆದರೆ ನಮ್ಮ ಭಾಗದ ಎಷ್ಟೋ ಆಸ್ಪತ್ರೆಗಳಲ್ಲಿ ಡೈಪರ್ ಬದಲಿಸುವುದು, ಮೈ ಒರೆಸುವುದು, ಮಗ್ಗುಲು ತಿರುಗಿಸಲು ಕೈಜೋಡಿಸುವುದು ಮನೆಯವರೇ. ಹಾಗಾಗಿ ಅವರಿಗೂ ಕೆಲವು ವಿಷಯ ಗೊತ್ತಿರಲೇಬೇಕು.

ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್, ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾಗಳ ಹೆಸರುಗಳು ವೈದ್ಯರ ಬಾಯಲ್ಲಿ ನಿಮ್ಮ ಕಿವಿಗೆ ಬೀಳಬಹುದು. ಆ್ಯಂಟಿಬಯಾಟಿಕ್ ಕೊಟ್ಟಾಗ ಸಾಯುವ ಬ್ಯಾಕ್ಟೀರಿಯಾ ಸಾಯುತ್ತವೆ, ತಾಳಿಕೊಂಡವು ಉಳಿದು ಹೆಚ್ಚುತ್ತವೆ. ಇವುಗಳಲ್ಲಿ ಕೆಲವು ಮೆರೊಪೆನೆಮ್‌ನಂಥ ಪ್ರಬಲ ಮದ್ದನ್ನೂ ಅರಗಿಸಿಕೊಂಡಿವೆ. ಆಗ ಉಳಿಯುವುದು ಕೊಲಿಸ್ಟಿನ್‌ನಂಥ ಬೆರಳೆಣಿಕೆಯ ಔಷಧಿ. ಅದು ಕಿಡ್ನಿಗೆ ಪೆಟ್ಟು ಕೊಡಬಲ್ಲದು. ಪ್ರಪಂಚದಾದ್ಯಂತ 2019ರ ಒಂದೇ ವರ್ಷದಲ್ಲಿ ಇಂಥ ಸೋಂಕುಗಳೇ ನೇರ ಕಾರಣವಾಗಿ ಸುಮಾರು 12.7 ಲಕ್ಷ ಜನ ತೀರಿಕೊಂಡರೆಂದು ಅಂದಾಜು.

ದಾಖಲಾದ ದಿನವೇ ಮಾಡಬೇಕಾದ ಕೆಲಸವೊಂದಿದೆ. ಊರಿನಲ್ಲಿ ಯಾರ ಹತ್ತಿರ ಸೂಜಿ ಹಾಕಿಸಿದಿರಿ, ಮೆಡಿಕಲ್ ಶಾಪಿನಿಂದ ಯಾವ ಮಾತ್ರೆ ತಂದು ನುಂಗಿಸಿದಿರಿ, ಕಳೆದ ಮೂರು ತಿಂಗಳಲ್ಲಿ ಬೇರೆ ಆಸ್ಪತ್ರೆಯಲ್ಲಿ ಮಲಗಿದ್ದರೇ, ಎಲ್ಲವನ್ನೂ ಹೇಳಿ. ಬೈಯುತ್ತಾರೆಂದು ಮುಚ್ಚಿಡಬೇಡಿ. ಖಾಲಿ ಸ್ಟ್ರಿಪ್ ಮನೆಯಲ್ಲಿದ್ದರೆ ಫೋಟೊ ತರಿಸಿ. ಹಿಂಬದಿಯಲ್ಲಿ ಕೆಂಪು ಗೆರೆ (ವೈದ್ಯರ ಚೀಟಿಯಿಲ್ಲದೆ ನುಂಗಬಾರದ ಮದ್ದಿನ ಗುರುತು) ಇದ್ದರೆ ತಪ್ಪದೆ ತೋರಿಸಿ. ಯಾವ ಮದ್ದು ಆಗಲೇ ಸೋತಿರಬಹುದು ಎಂದು ಊಹಿಸಲು ವೈದ್ಯರಿಗೆ ಅದೇ ಸುಳಿವು.

ಇನ್ನು ಕೈ. ಉಂಗುರ, ವಾಚು ತೆಗೆದಿಡಿ. ಹಾಸಿಗೆಯ ಬಳಿ ಇರುವ, ನೀರಿಲ್ಲದೆ ಕೈ ಶುಚಿ ಮಾಡುವ ದ್ರವವಾದ ಹ್ಯಾಂಡ್‌ರಬ್ ಅನ್ನು ಅಂಗೈ ತುಂಬ ಹಾಕಿಕೊಂಡು ಬೆರಳ ಸಂದು, ಉಗುರಿನ ತುದಿ, ಹೆಬ್ಬೆರಳಿನ ಬುಡಕ್ಕೆಲ್ಲ ತಾಗುವಂತೆ 20ರಿಂದ 30 ಸೆಕೆಂಡ್ ಉಜ್ಜಿ, ತಾನಾಗಿ ಆರಲು ಬಿಡಿ. ಕೈಗೆ ಕೊಳೆ ಕಾಣುತ್ತಿದ್ದರೆ ಅಥವಾ ರೋಗಿಗೆ ಭೇದಿಯಾಗುತ್ತಿದ್ದರೆ ಹ್ಯಾಂಡ್‌ರಬ್ ಸಾಲದು, ಸೋಪು ಹಚ್ಚಿ ನೀರಿನಲ್ಲಿ ತೊಳೆಯಬೇಕು. ಒಟ್ಟು 40ರಿಂದ 60 ಸೆಕೆಂಡ್. ರೋಗಿಯನ್ನು ಮುಟ್ಟುವ ಮೊದಲು ಒಮ್ಮೆ, ಮುಟ್ಟಿದ ಮೇಲೆ ಒಮ್ಮೆ. ಹಾಸಿಗೆಯ ಕಂಬಿ ಹಿಡಿದಿದ್ದರೂ ಸರಿ. ಅಸಿನೆಟೊಬ್ಯಾಕ್ಟರ್ ಒಣಗಿದ ಕಂಬಿಯ ಮೇಲೆ ವಾರಗಟ್ಟಲೆ ಬದುಕಿರಬಲ್ಲದು. ಚೆನ್ನಾಗಿ ಕೈ ತೊಳೆದು ಬಂದವರು ಒದ್ದೆ ಕೈಯನ್ನು ಸೆರಗಿಗೋ ಹೆಗಲ ಮೇಲಿನ ಟವೆಲ್ಲಿಗೋ ಒರೆಸಿಕೊಳ್ಳುವುದನ್ನು ನಿತ್ಯ ನೋಡುತ್ತೇನೆ. ಆ ಸೆರಗು ಬೆಳಿಗ್ಗೆಯಿಂದ ರೋಗಿಯ ಬೆವರು ಒರೆಸಿರುತ್ತದೆ, ಕಾರಿಡಾರಿನ ನೆಲಕ್ಕೆ ತಾಗಿರುತ್ತದೆ. ತೊಳೆದ ಕೈ ಗಾಳಿಗೆ ಆರಲಿ, ಇಲ್ಲವೇ ಕಾಗದದ ಟವೆಲ್ ಕೇಳಿ ಪಡೆಯಿರಿ.

ಇನ್ನೊಂದು ಮಾತನ್ನು ನೋಯಿಸದೆ ಹೇಳುವುದು ಕಷ್ಟ. ನಮ್ಮ ಜನರ ಮನಸ್ಸು ದೊಡ್ಡದು. ಪಕ್ಕದ ಹಾಸಿಗೆಯ ಅಜ್ಜಿಗೆ ಯಾರೂ ಇಲ್ಲವೆಂದು ತಮ್ಮ ಅಪ್ಪನ ಡೈಪರ್ ಬದಲಿಸಿದವರೇ ಹೋಗಿ ಆಕೆಯ ಹೊದಿಕೆ ಸರಿಪಡಿಸುತ್ತಾರೆ, ದಿಂಬು ಎತ್ತಿಡುತ್ತಾರೆ. ಒಂದು ಹಾಸಿಗೆಯ ಬ್ಯಾಕ್ಟೀರಿಯಾ ಇನ್ನೊಂದಕ್ಕೆ ದಾಟುವುದೇ ಹೀಗೆ. ಅಜ್ಜಿಗೆ ನೆರವು ಬೇಕೆನಿಸಿದರೆ ನಮ್ಮನ್ನು ಕೂಗಿ. ಗ್ಲೌಸ್ ಇದೆಯಲ್ಲ ಎನ್ನಬೇಡಿ; ಅದೇ ಗ್ಲೌಸಿನಲ್ಲಿ ಎರಡು ಕಡೆ ಮುಟ್ಟಿದರೆ ಬರಿಗೈಯಷ್ಟೇ ಅಪಾಯ. ಒಂದು ಕೆಲಸ ಮುಗಿದ ಕೂಡಲೇ ಬಿಚ್ಚಿ ಎಸೆದು ಕೈ ಶುಚಿ ಮಾಡಿಕೊಳ್ಳಿ. ನರ್ಸ್ ಅಥವಾ ವೈದ್ಯರು ಕೈ ಶುಚಿ ಮಾಡದೆ ರೋಗಿಯ ಹತ್ತಿರ ಬಂದರೆ, "ಸಿಸ್ಟರ್, ಕೈಗೆ ಸ್ವಲ್ಪ ಹ್ಯಾಂಡ್‌ರಬ್ ಹಾಕಿಕೊಳ್ಳುತ್ತೀರಾ?" ಎಂದು ಕೇಳಿ. ನನ್ನನ್ನೂ ಕೇಳಿ. ಅದು ನಿಮ್ಮ ಹಕ್ಕು.

ಹುಲಿಗೆಮ್ಮನ ಭಂಡಾರ, ಮಂತ್ರಾಲಯದ ಮೃತ್ತಿಕೆ ತಂದವರನ್ನು ನಾನು ಎಂದೂ ತಡೆದಿಲ್ಲ. ಪೊಟ್ಟಣವನ್ನು ಮುಚ್ಚಿದ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಹಾಸಿಗೆಯ ತಲೆಯ ಕಡೆ ಕಟ್ಟೋಣ. ಆದರೆ ಪ್ರಜ್ಞೆಯಿಲ್ಲದವರ ಬಾಯಿಗೆ ತೀರ್ಥ ಬಿಡಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಸೂಜಿ ಇರುವ ಕೈಗೆ ದಾರ ಕಟ್ಟಬೇಡಿ. ಒದ್ದೆಯಾದ ದಾರದಲ್ಲಿ ಬ್ಯಾಕ್ಟೀರಿಯಾ ನೆಲೆ ನಿಲ್ಲುತ್ತವೆ.

ರೋಗಿಯ ಮೈಗೆ ಹಾಕಿದ ಪ್ರತಿಯೊಂದು ನಳಿಕೆಯೂ ಬ್ಯಾಕ್ಟೀರಿಯಾಗೆ ತೆರೆದ ಬಾಗಿಲು. ಬೆಳಗಿನ ರೌಂಡ್ಸ್ ಮುಗಿಸಿ ವೈದ್ಯರು ಹೊರಗೆ ಬಂದಾಗ ಕೇಳಬೇಕಾದ ಪ್ರಶ್ನೆ: "ಸರ್, ಮೂತ್ರದ ನಳಿಕೆ ಇವತ್ತೂ ಬೇಕೇ? ಕುತ್ತಿಗೆಯ ಲೈನ್ ಇನ್ನೂ ಬೇಕೇ?" ಲೈನ್ ಎಂದರೆ ಮದ್ದು ಕೊಡಲು ರಕ್ತನಾಳಕ್ಕೆ ಹಾಕಿದ ನಳಿಕೆ. ಬೇಡವಾದ ನಳಿಕೆ ಒಂದು ದಿನ ಮೊದಲೇ ಹೊರಬಂದರೂ ಲಾಭವೇ. ಲೈನಿನ ಮೇಲಿನ ಪ್ಲಾಸ್ಟರ್ ಎದ್ದಿದ್ದರೆ, ಒದ್ದೆಯಾಗಿದ್ದರೆ ತಕ್ಷಣ ಹೇಳಿ. ವೆಂಟಿಲೇಟರ್ ಮೇಲಿರುವವರ ತಲೆಯ ಕಡೆ, ವೈದ್ಯರು ಬೇರೆ ಹೇಳಿರದಿದ್ದರೆ, 30ರಿಂದ 45 ಡಿಗ್ರಿ ಎತ್ತರದಲ್ಲಿರಬೇಕು. ಚಪ್ಪಟೆಯಾಗಿ ಮಲಗಿಸಿದ್ದು ಕಂಡರೆ ವಿಚಾರಿಸಿ.

ಸ್ಕ್ಯಾನಿಂಗ್‌ಗೆ ಕರೆದೊಯ್ಯುವಾಗ ವಿಶೇಷ ಎಚ್ಚರ ಬೇಕು. ಸ್ಟ್ರೆಚರ್‌ಗೆ ಬದಲಿಸುವ ಗಡಿಬಿಡಿಯಲ್ಲಿ ಮೂತ್ರದ ಚೀಲವನ್ನು ರೋಗಿಯ ಹೊಟ್ಟೆಯ ಮೇಲೆ ಇಟ್ಟುಬಿಡುತ್ತಾರೆ. ಚೀಲದಲ್ಲಿದ್ದ ಮೂತ್ರ ನಳಿಕೆಯಲ್ಲಿ ಹಿಂದಕ್ಕೆ ಹರಿದು ಮೂತ್ರಕೋಶಕ್ಕೆ ಸೇರುತ್ತದೆ. ಚೀಲ ಸದಾ ಸೊಂಟಕ್ಕಿಂತ ಕೆಳಗೆ ತೂಗಬೇಕು, ನೆಲಕ್ಕೆ ತಾಗಬಾರದು. ಸ್ಟ್ರೆಚರ್ ಹಿಡಿದು ಹೋಗುವವರು ನೀವೇ ಆಗಿರುವುದರಿಂದ ಇದನ್ನು ನೀವೇ ನೋಡಿಕೊಳ್ಳಬಲ್ಲಿರಿ.

ಸೋಂಕಿನ ಅನುಮಾನ ಬಂದಾಗ ರಕ್ತ, ಕಫ ಅಥವಾ ಮೂತ್ರವನ್ನು, ಅದರಲ್ಲಿನ ಬ್ಯಾಕ್ಟೀರಿಯಾ ಬೆಳೆಸಿ ಗುರುತಿಸುವ ಪರೀಕ್ಷೆಯಾದ ಕಲ್ಚರ್‌ಗೆ ಕಳಿಸುತ್ತಾರೆ. ಹೊಸ ಮದ್ದು ಶುರು ಮಾಡುವ ಮೊದಲೇ ಮಾದರಿ ತೆಗೆದರೆ ಒಳ್ಳೆಯದು. ಪೂರ್ಣ ವರದಿಗೆ ಸಾಮಾನ್ಯವಾಗಿ ಎರಡು ಮೂರು ದಿನ ಬೇಕು, ಬ್ಯಾಕ್ಟೀರಿಯಾ ಬೆಳೆಯಲು ಅಷ್ಟು ಹೊತ್ತು ಹಿಡಿಯುತ್ತದೆ. ವರದಿಯಲ್ಲಿ ಔಷಧಿಗಳ ಪಟ್ಟಿಯ ಎದುರು 'ಎಸ್' ಎಂದಿದ್ದರೆ ಆ ಮದ್ದಿಗೆ ಬಗ್ಗುತ್ತದೆ, 'ಆರ್' ಎಂದಿದ್ದರೆ ಬಗ್ಗುವುದಿಲ್ಲ. 'ಆರ್'ಗಳ ಸಾಲು ಕಂಡು ಎದೆಗುಂದಬೇಡಿ. ಕಫದಲ್ಲಿ ಬ್ಯಾಕ್ಟೀರಿಯಾ ಸಿಕ್ಕಿದ ಮಾತ್ರಕ್ಕೆ ಸೋಂಕು ಎಂದಲ್ಲ. ಕೆಲವೊಮ್ಮೆ ಅದು ಕಾಯಿಲೆ ಮಾಡದೆ ಸುಮ್ಮನೆ ಅಲ್ಲಿ ಇರುತ್ತದೆ. ಜ್ವರ, ಎಕ್ಸ್‌ರೇ, ಆಮ್ಲಜನಕದ ಮಟ್ಟ ಎಲ್ಲವನ್ನೂ ಕೂಡಿಸಿ ನೋಡಿ ವೈದ್ಯರು ತೀರ್ಮಾನಿಸುತ್ತಾರೆ. "ಇನ್ನೂ ಸ್ಟ್ರಾಂಗ್ ಇಂಜೆಕ್ಷನ್ ಹಾಕಿ, ದುಡ್ಡು ಎಷ್ಟಾದರೂ ಆಗಲಿ" ಎಂದು ಅವರ ಮೇಲೆ ಒತ್ತಡ ಹೇರಬೇಡಿ. ವರದಿ ನೋಡಿ ದುಬಾರಿ ಮದ್ದು ನಿಲ್ಲಿಸಿ ಅಗ್ಗದ್ದಕ್ಕೆ ಬಂದರೆ ಕೈಬಿಟ್ಟರೆಂದು ಭಾವಿಸಬೇಡಿ. ಸರಿಯಾದ ಮದ್ದು ಸಿಕ್ಕಿದೆ ಎಂದೇ ಅದರ ಅರ್ಥ.

ಔಷಧಿಯನ್ನು ಹೊರಗಿನಿಂದ ತರಲು ಚೀಟಿ ಕೊಟ್ಟರೆ ಮುಂದಿನ ಡೋಸ್ ಎಷ್ಟು ಗಂಟೆಗೆ ಎಂದು ಕೇಳಿಟ್ಟುಕೊಳ್ಳಿ. ಮೆರೊಪೆನೆಮ್ ಸಾಮಾನ್ಯವಾಗಿ ಎಂಟು ಗಂಟೆಗೊಮ್ಮೆ. ರಾತ್ರಿ ಬಾಟಲಿ ಮುಗಿದು ಬೆಳಿಗ್ಗೆ ಅಂಗಡಿ ತೆರೆಯುವವರೆಗೆ ಕಾದರೆ ಅಷ್ಟರಲ್ಲಿ ಬ್ಯಾಕ್ಟೀರಿಯಾ ಚೇತರಿಸಿಕೊಳ್ಳುತ್ತದೆ. ನಾಳೆಯದನ್ನು ಇವತ್ತೇ ತಂದಿಡಿ. ನಮ್ಮ ಬಿಸಿಲಿನಲ್ಲಿ ಇಂಜೆಕ್ಷನ್ ಬಾಟಲಿಗಳನ್ನು ಬೈಕಿನ ಡಬ್ಬಿಯಲ್ಲಿ ಬಿಡಬೇಡಿ.

ರೋಗಿಯನ್ನು ಮೂಲೆಯ ಹಾಸಿಗೆಗೆ ಬದಲಿಸಿ ಗೌನ್ ತೊಟ್ಟು ಬರಲು ಹೇಳಿದರೆ ಅವಮಾನವೆಂದು ಬಗೆಯಬೇಡಿ, ಬೇರೆಯವರಿಗೆ ಹರಡದಿರಲೆಂದು ಮಾಡಿದ ಏರ್ಪಾಡು ಅದು. ಆರೋಗ್ಯವಾಗಿರುವ ನಿಮಗೆ ಅಪಾಯ ಕಡಿಮೆ. ಹಸುಗೂಸು, ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಮಾತ್ರ ಒಳಗೆ ಬರುವುದು ಬೇಡ.

ಮನೆಗೆ ಹೊರಡುವ ದಿನ ಡಿಸ್ಚಾರ್ಜ್ ಚೀಟಿಯ ಜೊತೆ ಕಲ್ಚರ್ ವರದಿಯನ್ನೂ ಕೇಳಿ ಪಡೆದು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಮಿಕ್ಕ ಆ್ಯಂಟಿಬಯಾಟಿಕ್ ಮಾತ್ರೆಗಳನ್ನು ಮುಂದಿನ ಜ್ವರಕ್ಕೆಂದು ಎತ್ತಿಡಬೇಡಿ, ಮನೆಯ ಇನ್ನೊಬ್ಬರಿಗೆ ಕೊಡಬೇಡಿ. ಮುಂದೆ ರಾಯಚೂರಿಗೋ ಕೊಪ್ಪಳಕ್ಕೋ ಬೆಂಗಳೂರಿಗೋ ಮತ್ತೆ ದಾಖಲಾಗಬೇಕಾಗಿ ಬಂದರೆ, ಹೆಸರು ಬರೆಸುವಾಗಲೇ ಆ ವರದಿಯನ್ನು ತೋರಿಸಿ.