ಮಲೇರಿಯಾ ಮರುಕಳಿಸದಂತೆ ಮಾತ್ರೆ ಮುಗಿಸುವುದು ಹೇಗೆ?

ಚಳಿಜ್ವರ ಬಿಟ್ಟಿತು, ಬಾಯಿಗೆ ರುಚಿ ಬಂತು, ಕೆಲಸಕ್ಕೂ ಹೋದಿರಿ. ಎರಡು ತಿಂಗಳು ಕಳೆಯುವಷ್ಟರಲ್ಲಿ ಮತ್ತದೇ ನಡುಕ. ಇನ್ನೊಂದು ಸೊಳ್ಳೆ ಕಚ್ಚಿರಬೇಕು ಅಂದುಕೊಳ್ಳುತ್ತೇವೆ, ಅಲ್ವಾ? ಎಷ್ಟೋ ಸಲ ಅದು ಹಳೆಯ ಮಲೇರಿಯಾವೇ. ವೈವ್ಯಾಕ್ಸ್ ಮತ್ತು ಓವೇಲ್ ಜಾತಿಯ ರೋಗಾಣುಗಳು ಲಿವರ್‌ನಲ್ಲಿ ನಿದ್ದೆ ಹೋದಂತೆ ಅಡಗಿರುತ್ತವೆ. ಕ್ಲೋರೋಕ್ವಿನ್ ರಕ್ತದಲ್ಲಿ ಇರುವುದನ್ನು ಕೊಲ್ಲುತ್ತದೆ, ಜ್ವರ ಇಳಿಯುತ್ತದೆ. ಲಿವರ್‌ನಲ್ಲಿ ಮಲಗಿದ್ದು ಅಲ್ಲೇ ಉಳಿಯುತ್ತದೆ.

ಆದ್ದರಿಂದ ಮೊದಲು ರಕ್ತಪರೀಕ್ಷೆಯ ವರದಿ ನೋಡಿ ಯಾವ ಜಾತಿ ಅಂತ ಕೇಳಿ. ಫಾಲ್ಸಿಪಾರಮ್ ಹೀಗೆ ಲಿವರ್‌ನಲ್ಲಿ ಅಡಗಿ ಕೂರುವುದಿಲ್ಲ.

ವೈವ್ಯಾಕ್ಸ್ ಅಂತ ಬಂದರೆ ಲಿವರ್ ಶುಚಿ ಮಾಡುವ ಮಾತ್ರೆ ಪ್ರೈಮಾಕ್ವಿನ್. ಅದನ್ನು ನುಂಗುವ ಮೊದಲು ಜಿ6ಪಿಡಿ ಎಂಬ ಕಿಣ್ವದ ಪರೀಕ್ಷೆ ಆಗಲಿ. ಈ ಕಿಣ್ವದ ಕೊರತೆ ಹುಟ್ಟಿನಿಂದಲೇ ಬರುವಂಥದ್ದು, ಇರುವುದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಅಂಥವರಲ್ಲಿ ಈ ಮಾತ್ರೆ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ಮಾತ್ರೆ ನಿಲ್ಲಿಸಿ ತಕ್ಷಣ ಡಾಕ್ಟರ ಹತ್ತಿರ ಹೋಗಿ. ಗರ್ಭಿಣಿಯರಿಗೆ ಇದನ್ನು ಕೊಡುವುದಿಲ್ಲ.

ಇನ್ನು ಕೋರ್ಸ್. ಸಾಮಾನ್ಯವಾಗಿ 14 ದಿನ. ದಿನದ ಡೋಸ್ ದುಪ್ಪಟ್ಟು ಮಾಡಿ 7 ದಿನಕ್ಕೆ ಮುಗಿಸುವ ಕ್ರಮವೂ ಇದೆ. ಯಾವುದು ಅಂತ ಡಾಕ್ಟರೇ ಹೇಳಬೇಕು. ಎಲ್ಲ ಕೆಡುವುದು ನಾಲ್ಕೈದನೇ ದಿನ. ಜ್ವರ ಇಲ್ಲ, ಸುಸ್ತಿಲ್ಲ. ಹತ್ತು ಮಾತ್ರೆ ಉಳಿದ ಪಟ್ಟಿ ಸುಮ್ನೆ ಡ್ರಾಯರ್ ಸೇರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಪಟ್ಟಿಯ ಹಿಂದೆ ಪೆನ್ನಿನಲ್ಲಿ ತಾರೀಖು ಬರೆದಿಡಿ. ಊಟವಾದ ಮೇಲೆ ನುಂಗಿ. ಖಾಲಿ ಹೊಟ್ಟೆಗೆ ಹಾಕಿದರೆ ಹೊಟ್ಟೆ ತೊಳಸುವುದು ಜಾಸ್ತಿ.

ಇಷ್ಟೆಲ್ಲ ಮಾಡಿದರೆ ಫಲ ಎಷ್ಟು? 2019ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ ರೋಗಿಗಳನ್ನು ಆರು ತಿಂಗಳು ಗಮನಿಸಿದರು. ಬರೀ ಕ್ಲೋರೋಕ್ವಿನ್ ತೆಗೆದುಕೊಂಡವರಲ್ಲಿ ನೂರಕ್ಕೆ ಸುಮಾರು 28 ಜನರಿಗೆ ಮಾತ್ರ ಮಲೇರಿಯಾ ಮರಳಲಿಲ್ಲ. ಜೊತೆಗೆ 14 ದಿನ ಪ್ರೈಮಾಕ್ವಿನ್ ನುಂಗಿದವರಲ್ಲಿ ಅದು ಸುಮಾರು 70. ಕ್ಲೋರೋಕ್ವಿನ್ ಜೊತೆಗೆ ಲಿವರ್ ಶುಚಿ ಮಾಡುವ ಇನ್ನೊಂದು ಮಾತ್ರೆ, ಒಂದೇ ಡೋಸಿನ ಟಾಫೆನೋಕ್ವಿನ್ ಕೊಟ್ಟವರಲ್ಲಿ ಸುಮಾರು 62. ಒಂದೇ ಸಲ ನುಂಗಿದರೆ ಸಾಕು ಅನ್ನುವುದು ದೊಡ್ಡ ಅನುಕೂಲವೇ. ಆದರೆ ಅದು ವಾರಗಟ್ಟಲೆ ಮೈಯಲ್ಲಿ ಉಳಿಯುತ್ತದೆ, ತೊಂದರೆಯಾದರೆ ನಿಲ್ಲಿಸುವ ದಾರಿ ಇಲ್ಲ. ಅದಕ್ಕೇ ಅದನ್ನು ಕೊಡುವಾಗ ಜಿ6ಪಿಡಿ ಮಟ್ಟ ಸಾಮಾನ್ಯಕ್ಕಿಂತ ತೀರಾ ಕಡಿಮೆ ಇರಬಾರದು, ಸಾಮಾನ್ಯ ಮಟ್ಟದ ಕನಿಷ್ಠ 70 ಶೇಕಡಾ ಇರಲೇಬೇಕು.

ನೂರಕ್ಕೆ ನೂರು ಯಾವ ಮಾತ್ರೆಯೂ ಇಲ್ಲ. ಕೆಲವರ ಲಿವರ್ ಪ್ರೈಮಾಕ್ವಿನ್ ಅನ್ನು ಕೆಲಸ ಮಾಡುವ ರೂಪಕ್ಕೆ ಸರಿಯಾಗಿ ಬದಲಿಸುವುದಿಲ್ಲ. ವರ್ಷದೊಳಗೆ ಮತ್ತೆ ಜ್ವರ ಬಂದರೆ ಅಂದೇ ರಕ್ತಪರೀಕ್ಷೆ ಮಾಡಿಸಿ, ಹಿಂದಿನ ಸಲ ಎಷ್ಟು ಮಾತ್ರೆ ನುಂಗಿದ್ದಿರಿ ಎಂದು ಮುಚ್ಚಿಡದೆ ಹೇಳಿ.