ಮನಿ ಸಾಲದ ಬಡ್ಡಿ ಹೆಚ್ಚು ಹಿಡಿದಿದ್ರ ವಾಪಸ್ ಕೇಳ್ರಿ

ಹುಬ್ಬಳ್ಳಿ-ಧಾರವಾಡದಾಗ ಫ್ಲೋಟಿಂಗ್ (ಏರಿಳಿಯೋ) ಬಡ್ಡಿಗೆ ಮನಿ ಸಾಲ ತಗೊಂಡವ್ರು ಮೊದಲು ಸ್ಯಾಂಕ್ಷನ್ ಲೆಟರ್ (ಸಾಲ ಮಂಜೂರಾತಿ ಪತ್ರ) ತೆಗೀರಿ. ‘ರೆಪೊ + ಸ್ಪ್ರೆಡ್’ (ಆರ್‌ಬಿಐ ಬ್ಯಾಂಕಿಗೆ ಸಾಲ ಕೊಡೋ ದರ, ಅದರ ಮ್ಯಾಲ ಬ್ಯಾಂಕ್ ಸೇರಿಸೋ ಪಾಲು) ಅಂತ ಇದ್ರ, ರೆಪೊ ಏರಿದಾಗ ಬಡ್ಡಿ ಏರೋದು ಸರಿನ, ತಕರಾರು ನಡೆಯಂಗಿಲ್ಲ. ಕಾರಣ ಹೇಳದ ಸ್ಪ್ರೆಡ್ ಏರಿಸಿದ್ರ, ಇಲ್ಲಾ ರೆಪೊ ಇಳಿದು 3 ತಿಂಗಳಾದ್ರೂ ಬಡ್ಡಿ ಇಳಿಸದಿದ್ರ ಹಿಡೀರಿ. 2025ರ ಫೆಬ್ರುವರಿಯಿಂದ ಜೂನ್‌ದೊಳಗ ರೆಪೊ ಶೇ 6.50ರಿಂದ ಶೇ 5.50ಕ್ಕ ಬಂತು, ಆ ವರ್ಷದ ಸ್ಟೇಟ್‌ಮೆಂಟ್ ತಾಳೆ ನೋಡ್ರಿ. ಇಎಂಐ ಅಷ್ಟ ನೋಡಿದ್ರ ಸಾಲಂಗಿಲ್ಲ, ಕಂತಿನ ಸಂಖ್ಯೆ ಸದ್ದಿಲ್ಲದ ಬೆಳೆದಿರ್ತದ. (ಹಳೇ ಎಂಸಿಎಲ್‌ಆರ್, ಅಂದ್ರ ಬ್ಯಾಂಕ್ ತನ್ನ ಖರ್ಚಿನ ಮ್ಯಾಲ ಹಾಕೋ ದರದ ಸಾಲಕ್ಕ ಈ ಲೆಕ್ಕ ಹತ್ತಂಗಿಲ್ಲ.)

ತಿಂಗಳವಾರು ಹೆಚ್ಚುವರಿ ಬಡ್ಡಿ ಬರೆದು ಶಾಖೆಗೆ ಅರ್ಜಿ ಕೊಡ್ರಿ, ಸ್ವೀಕೃತಿ ಸೀಲ್ ಹಾಕಿಸ್ರಿ. ಕೌಂಟರ್‌ನಾಗ ಬಾಯಿಮಾತಿನ ವಾದ ಹೊಳ್ಯಾಗ ಹುಣಸಿಹಣ್ಣು ತೊಳೆದಂಗ. 30 ದಿನದಾಗ ಉತ್ತರ ಬರದಿದ್ರ ಆರ್‌ಬಿಐ ಒಂಬುಡ್ಸ್‌ಮನ್‌ಗೆ (ಬ್ಯಾಂಕ್ ಮ್ಯಾಲಿನ ದೂರು ವಿಚಾರಿಸೋ ಅಧಿಕಾರಿ) ಸಿಎಂಎಸ್ ಪೋರ್ಟಲ್‌ನಾಗ (ಆರ್‌ಬಿಐದ ದೂರಿನ ವೆಬ್‌ಸೈಟ್) ದೂರು ಕೊಡ್ರಿ, ಶುಲ್ಕ ಇಲ್ಲ. ಸಹಾಯಕ್ಕ 14448ಕ್ಕ ಫೋನ್ ಮಾಡ್ರಿ.