ಗೋಲ್‌ಕೀಪರ್ ಬೆನ್ನ ಮೇಲೆ ಬೀಳಲು ಕಲಿತದ್ದು

ಬೆಂಗಳೂರು ಸೂಪರ್ ಡಿವಿಷನ್ ಫುಟ್‌ಬಾಲ್ ಲೀಗಿನಲ್ಲಿ ಏಳು ಸೀಸನ್ ಗೋಲ್ ಕಾದವನು ನಾನು. ಇಪ್ಪತ್ತೊಂಬತ್ತಕ್ಕೆ ಕ್ಲಬ್ ಕೈಬಿಟ್ಟಿತು. ಪ್ರೊ ರೆಸ್ಲಿಂಗ್‌ಗೆ, ಅಂದರೆ ಗೆಲುವು ಸೋಲು ಮೊದಲೇ ಗೊತ್ತು ಮಾಡಿಕೊಂಡು ಬಿದ್ದು ಎದ್ದು ತೋರಿಸುವ ಕುಸ್ತಿಗೆ, ಹೋಗುತ್ತೇನೆ ಅಂದಾಗ ಟೀಮಿನವರು "ನಾಟಕ ಕಂಪನಿ ಸೇರ್ತಾನಂತೆ" ಅಂತ ನಕ್ಕರು. ನಮ್ಮ ಬೀದಿಯ ಗರಡಿ ಉಸ್ತಾದರು ನಗಲಿಲ್ಲ, ಬೈದರು. "ಬೆನ್ನು ಮಣ್ಣಿಗೆ ತಾಗಬಾರದು ಅಂತ ನಾವು ಜೀವ ತೇಯ್ತೀವಿ. ನೀನು ದುಡ್ಡು ಕೊಟ್ಟು ಬೆನ್ನು ತಾಗಿಸೋದು ಕಲೀತೀಯೇನೋ?"

ಈಗ ಮೂರು ವರ್ಷ ಆಯ್ತು. ಮೂವತ್ತೈದು ನಲವತ್ತು ಮ್ಯಾಚ್ ಆಗಿರಬಹುದು. ಬೆನ್ನು ಇನ್ನೂ ನೆಟ್ಟಗಿದೆ.

ಫುಟ್‌ಬಾಲ್ ಬಿಟ್ಟು ರೆಸ್ಲಿಂಗ್ ಅಂದ ತಕ್ಷಣ ಎಲ್ಲರೂ ಡ್ವೇನ್ ಜಾನ್ಸನ್, ಗೋಲ್ಡ್‌ಬರ್ಗ್ ಅಂತಾರೆ. ಅವರು ಆಡಿದ್ದು ಅಮೆರಿಕನ್ ಫುಟ್‌ಬಾಲ್. ಅಲ್ಲಿ ಡಿಕ್ಕಿ ಹೊಡೆಯುವುದೇ ಕೆಲಸ. ನಮ್ಮ ಆಟವೇ ಬೇರೆ ಅಲ್ವಾ? ನನಗೆ ಧೈರ್ಯ ಕೊಟ್ಟವನು ಟಿಮ್ ವೀಸೆ. ವೆರ್ಡರ್ ಬ್ರೆಮೆನ್ ಗೋಲ್‌ಕೀಪರ್, ಜರ್ಮನಿ ತಂಡಕ್ಕೂ ಆಡಿದವನು. 2016ರ ನವೆಂಬರಿನಲ್ಲಿ ಮ್ಯೂನಿಕ್‌ನಲ್ಲಿ ರೆಸ್ಲರ್‌ಗಳಾದ ಸಿಸಾರೊ, ಶೇಮಸ್ ಜೊತೆ ಸೇರಿ ಡಬ್ಲ್ಯುಡಬ್ಲ್ಯುಇ ರಿಂಗಿಗೆ ಇಳಿದು ಗೆದ್ದ. ಕೀಪರ್ ಒಬ್ಬ ಮಾಡಿದ್ದಾನೆ, ನನಗೆ ಅಷ್ಟು ಸಾಕಾಗಿತ್ತು.

ಪಂಜಾಬಿನ ಒಂದು ಅಕಾಡೆಮಿಗೆ ಹೋದೆ. ಫೀಸು, ರೂಮು, ಊಟ ಸೇರಿ ಮೂರು ತಿಂಗಳಿಗೆ ಅರವತ್ತೈದು ಸಾವಿರದ ಹತ್ತಿರ ಖರ್ಚು. ಬೀಳೋದು ನನಗೆ ಹೇಳಿಕೊಡಬೇಕಾ ಅನ್ನೋ ಜಂಬ ಬೇರೆ. ಆ ಜಂಬವೇ ಮುಳುವಾಯಿತು. ಕೀಪರ್ ಪಕ್ಕಕ್ಕೆ ಬೀಳುತ್ತಾನೆ. ತೊಡೆ, ಸೊಂಟ, ಭುಜ, ಆ ಕ್ರಮದಲ್ಲಿ. ಕಣ್ಣು ಚೆಂಡಿನ ಮೇಲೆ, ಗದ್ದ ಮೇಲಕ್ಕೆ. ಹುಲ್ಲಿನ ಮೇಲೆ ಇದು ನಡೆಯುತ್ತದೆ. ರಿಂಗಿನಲ್ಲಿ ಕ್ಯಾನ್ವಾಸ್ ಕೆಳಗೆ ಇರುವುದು ತೆಳ್ಳನೆ ಫೋಮು, ಅದರ ಕೆಳಗೆ ಪ್ಲೈವುಡ್. ಎರಡನೇ ವಾರ ತಲೆಯ ಹಿಂಭಾಗ ಬಡಿದು ಕಣ್ಣು ಕತ್ತಲಿಟ್ಟಿತು. ಐದನೇ ವಾರ ಎಡ ಭುಜ ಹೋಯಿತು. ಟ್ರೈನರ್ ನೋಡಿದ್ದು ಒಂದೇ ನಿಮಿಷ. "ನಿನ್ನ ಮೈಗೆ ಇದು ಹತ್ತಲ್ಲ" ಅಂದ. ಫೀಸು ವಾಪಸ್ ಇಲ್ಲ. ಊರಿಗೆ ಬಂದು ಸ್ಕ್ಯಾನು, ಫಿಸಿಯೋ ಅಂತ ಇಪ್ಪತ್ತೆರಡು ಸಾವಿರ ಮತ್ತೆ ಹೋಯಿತು.

ಸುಮ್ನೆ ಕೂರಲಿಲ್ಲ. ಮನೆ ಟೆರೇಸಿನಲ್ಲಿ ನಾಲ್ಕು ಲಾರಿ ಟೈರ್ ಇಟ್ಟು, ಮೇಲೆ ಎರಡು ಪ್ಲೈವುಡ್ ಶೀಟು, ಅದರ ಮೇಲೆ ಹಳೇ ಹಾಸಿಗೆ ಹಾಕಿದೆ. ಒಂಬತ್ತು ಸಾವಿರ. ಟೈರ್ ಎಷ್ಟು ಪುಟಿಯುತ್ತಿತ್ತೆಂದರೆ ಬಿದ್ದವನು ತಾನಾಗಿ ಎದ್ದು ನಿಲ್ಲುತ್ತಿದ್ದೆ! ಕೆಳಗಿನ ಮನೆಯವರು ಬಾಗಿಲು ಬಡಿದರು. ಟೈರುಗಳನ್ನು ಪಂಕ್ಚರ್ ಅಂಗಡಿಗೆ ಆರುನೂರಕ್ಕೆ ಕೊಟ್ಟೆ. ಹಾಸಿಗೆ ಮೇಲೆ ಈಗಲೂ ನಾಯಿ ಮಲಗುತ್ತದೆ.

ಕೊನೆಗೆ ಉಸ್ತಾದರ ಕಾಲು ಹಿಡಿದೆ. ಬೆಳಿಗ್ಗೆ ಹುಡುಗರು ಸಾಮು ಮುಗಿಸಿ ಹೋದ ಮೇಲೆ ಒಂದು ಗಂಟೆ ಮಟ್ಟಿ ಬಿಟ್ಟುಕೊಟ್ಟರು. ಎಣ್ಣೆ, ಅರಿಶಿನ ಬೆರೆಸಿದ ಕೆಮ್ಮಣ್ಣು. ಸಡಿಲ ಮಾಡಿದರೆ ಮೆತ್ತಗೆ, ತುಳಿದರೆ ಗಟ್ಟಿ. ಎಷ್ಟು ಪೆಟ್ಟು ಬೇಕೋ ಅಷ್ಟಕ್ಕೆ ಹದ ಮಾಡಿಕೊಳ್ಳಬಹುದು. ಇಂಥದ್ದು ಯಾವ ಅಕಾಡೆಮಿಯಲ್ಲೂ ನಾನು ನೋಡಿಲ್ಲ.

ಗದ್ದಕ್ಕೂ ಎದೆಗೂ ನಡುವೆ ಟೆನ್ನಿಸ್ ಬಾಲ್ ಇಟ್ಟುಕೊಂಡೆ. ಅದು ಜಾರಿದರೆ ಆ ಸಲ ಬಿದ್ದದ್ದು ಲೆಕ್ಕಕ್ಕಿಲ್ಲ. ಎರಡೂ ಕೈಗೆ ಒದ್ದೆ ಟವೆಲ್. ಕುಕ್ಕರುಗಾಲಲ್ಲಿ ಕೂತು ಹಿಂದಕ್ಕೆ ಬೀಳಬೇಕು, ಉಸಿರು ಬಿಡಬೇಕು, ಬೆನ್ನು ಮತ್ತು ಟವೆಲ್ ಒಟ್ಟಿಗೆ ಬಡಿಯಬೇಕು. 'ಚಟ್' ಅಂತ ಒಂದೇ ಸದ್ದು. ಎರಡು ಸದ್ದು ಬಂದರೆ ಮಧ್ಯಾಹ್ನ ಭುಜ ಹೇಳುತ್ತದೆ. ದಿನಕ್ಕೆ ನಲವತ್ತು. ಒಂದು ತಿಂಗಳಾದ ಮೇಲೆ ನಿಂತು ಬೀಳೋದು. ಮೂರನೇ ತಿಂಗಳು ನನ್ನ ಹಳೇ ಡೈವ್ ಹೊರಗೆ ತೆಗೆದೆ. ಚೆಂಡಿಗೆ ಹಾರಿದ ಹಾಗೆ ಪಕ್ಕಕ್ಕೆ ಹಾರಿ, ಗಾಳಿಯಲ್ಲೇ ತಿರುಗಿ, ಬೆನ್ನ ಮೇಲೆ ಇಳಿಯುವುದು. ಈಗ ನನಗೆ ಕರೆ ಬರುವುದೇ ಇದಕ್ಕೆ. ಸೊಂಟ ಯಾವಾಗ ತಿರುಗಿಸುತ್ತೇನೆ ಅಂತ ಮಾತ್ರ ಕೇಳಬೇಡಿ, ಅದು ಹೊಟ್ಟೆಪಾಡು. ಕೀಪರ್ ಗ್ಲೌಸ್ ಹಾಕಿ ಗುದ್ದಿದರೆ ಅಷ್ಟು ಸದ್ದು ಹೇಗೆ ಬರುತ್ತದೆ ಅನ್ನೋದೂ ಅಷ್ಟೇ.

ರಿಂಗಿನ ಹಗ್ಗಕ್ಕೆ ಓಡಿ ಪುಟಿದು ಬರುವುದು ಬೇಗ ಬಂತು, ಪಕ್ಕೆಲುಬು ಎರಡು ವಾರ ನೇರಳೆ ಬಣ್ಣ ಇತ್ತು ಅಷ್ಟೇ. ತೂಕದ್ದು ಜಾಸ್ತಿ ತಲೆನೋವು. 76 ಕೆಜಿ ಇದ್ದವನು ಮುದ್ದೆ, ಮೊಟ್ಟೆ ಅಂತ ತಿಂದು 93ಕ್ಕೆ ಹೋದೆ. ಮೊಣಕಾಲು ಅತ್ತಿತು. ಈಗ 88ರ ಆಸುಪಾಸು.

ಮೊದಲ ಮ್ಯಾಚಿಗೆ ಎಂಟುನೂರು ರೂಪಾಯಿ, ಬಸ್ ಚಾರ್ಜು. ಬೂಟಿಗೇ ನಾಲ್ಕು ಸಾವಿರ ಹಾಕಿದ್ದೆ. ಈಗ ನಾಲ್ಕು, ನಾಲ್ಕೂವರೆ ಸಾವಿರ ಕೊಡುತ್ತಾರೆ. ವಾರದ ದಿನಗಳಲ್ಲಿ ಮಕ್ಕಳಿಗೆ ಕೀಪಿಂಗ್ ಹೇಳಿಕೊಡುತ್ತೇನೆ, ಮನೆ ನಡೆಯುವುದು ಅದರಿಂದಲೇ.

ಹೋದ ತಿಂಗಳು ಒಂದು ಕಾಲೇಜ್ ಮೈದಾನದ ಶೋಗೆ ಉಸ್ತಾದರನ್ನು ಕರೆದುಕೊಂಡು ಹೋಗಿದ್ದೆ. ಅವತ್ತು ನಾನು ಸೋಲಬೇಕಿತ್ತು. ಡೈವ್ ಹಾರಿದೆ, ಬಿದ್ದೆ, ಮೂರು ಎಣಿಸಿದರು. ಹೊರಗೆ ಬಂದಾಗ ಅವರ ಮುಖ ಸಣ್ಣಗಾಗಿತ್ತು.

"ಚಿತ್ ಆದೆಯಲ್ಲೋ. ಎಷ್ಟು ಕೊಟ್ರು?"

"ನಾಲ್ಕೂವರೆ ಸಾವಿರ, ಉಸ್ತಾದ್."

"ಗೆದ್ದವನಿಗೆ?"

"ಅವನಿಗೂ ಅಷ್ಟೇ."

ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. ಇದ್ಯಾವ ಸೀಮೆ ಕುಸ್ತಿಯೋ ಅಂತ ಗೊಣಗುತ್ತಾ ಬೈಕಿನ ಹಿಂದೆ ಕೂತರು.